ಪಂಡಿತರ ಎಣ್ಣೆ: ಪೇಟೆಂಟ್ ಅರ್ಜಿಯೊಂದರ ಪ್ರಕರಣ ಅಧ್ಯಯನ

"ಕಚ್ಚಾ ಸಾಮಗ್ರಿಯನ್ನು ಉಡುಪಿಯ ಸ್ಥಳೀಯ ಮಾರುಕಟ್ಟೆಯಿಂದ ಖರೀದಿಸಲಾಗಿದೆ." ಪೇಟೆಂಟ್ ಅರ್ಜಿಯೊಂದರ ತಾತ್ಕಾಲಿಕ ವಿವರಣಾಪತ್ರದಲ್ಲಿ, ಅಂದರೆ ಆವಿಷ್ಕಾರವನ್ನು ಮೊದಲಿಗೆ ವಿವರಿಸಿ ಸಲ್ಲಿಸುವ ಕಾಗದದಲ್ಲಿ, ಇಂಗ್ಲಿಷಿನಲ್ಲಿದ್ದ ಈ ಒಂದು ವಾಕ್ಯವೇ ಇಲ್ಲಿ ವಿವರಿಸುವ ಪ್ರಕರಣದ ಮೂಲ. ಆ ವಾಕ್ಯ ಸುಳ್ಳಾಗಿರಲಿಲ್ಲ. ಅದನ್ನು ಬರೆದ ಯುವ ಅಧ್ಯಾಪಕರೂ ಸುಳ್ಳು ಹೇಳುವವರಲ್ಲ. ಹಾಗಿದ್ದೂ ಅದನ್ನು ಓದಿದ ಮೇಲೆ ನಮ್ಮ ಸಮಿತಿಗೆ ಸುಮ್ಮನಿರಲು ಆಗಲಿಲ್ಲ.

ಉಡುಪಿ ಜಿಲ್ಲೆಯ ಒಂದು ಔಷಧ ವಿಜ್ಞಾನ ಕಾಲೇಜಿನ ನೈತಿಕ ಸಮಿತಿಯಲ್ಲಿ ನಾನು ಕಾನೂನು ಸದಸ್ಯ. ಮನುಷ್ಯರ ಮೇಲೆ ಔಷಧ ಪರೀಕ್ಷೆ ನಡೆಸುವ ಮೊದಲು ಇಂಥ ಸಮಿತಿಯ ಒಪ್ಪಿಗೆ ಪಡೆಯಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳ ಪ್ರಕಾರ ವೈದ್ಯರ ಜೊತೆಗೆ ಕಾನೂನು ಬಲ್ಲವರೊಬ್ಬರೂ ಸಾಮಾನ್ಯ ನಾಗರಿಕರೊಬ್ಬರೂ ಅದರಲ್ಲಿ ಇರಬೇಕು. ಮಂಗಳೂರಿನಲ್ಲಿ ಪಾಠ ಮುಗಿಸಿ ಬಸ್ಸು ಹಿಡಿದು ಸಭೆಗೆ ಹೋಗುವುದು ನನ್ನ ರೂಢಿ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ವ್ಯಕ್ತಿಗಳ ಹೆಸರು, ಎಣ್ಣೆಗೆ ಬೀಳುವ ಗಿಡಗಳ ಹೆಸರು ಇವು ಮೂರನ್ನೂ ಬಿಟ್ಟಿದ್ದೇನೆ. ಮೂರನೆಯದನ್ನು ಬಿಟ್ಟದ್ದು ಮನೆಯವರ ಸ್ಪಷ್ಟ ಕೋರಿಕೆಯಂತೆ.

ಅಧ್ಯಾಪಕರು ತಂದಿದ್ದ ಪ್ರಸ್ತಾವ ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ತಿಂಗಳುಗಟ್ಟಲೆ ಮಾಯದೆ ಉಳಿಯುವ ಹುಣ್ಣಿಗೆ ಹಚ್ಚುವ ಒಂದು ಎಣ್ಣೆಯದು. ರೋಗಿಗಳ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿಯೂ, ಕನ್ನಡ ಲಿಪಿಯ ತುಳುವಿನಲ್ಲಿಯೂ ಅವರು ಬಹಳ ಕಾಳಜಿಯಿಂದ ಸಿದ್ಧಪಡಿಸಿದ್ದರು. ಪ್ರಯೋಗದಿಂದ ಯಾವಾಗ ಬೇಕಾದರೂ ಹೊರಹೋಗಬಹುದು, ಹೋದರೆ ಚಿಕಿತ್ಸೆಗೆ ತೊಂದರೆಯಾಗದು ಎಂಬುದನ್ನು ಹಳ್ಳಿಯ ಹಿರಿಯರಿಗೂ ಅರ್ಥವಾಗುವ ಮಾತಿನಲ್ಲಿ ಬರೆದಿದ್ದರು. ಅಷ್ಟು ಒಳ್ಳೆಯ ಒಪ್ಪಿಗೆ ಪತ್ರವನ್ನು ನಾನು ಹೆಚ್ಚು ನೋಡಿಲ್ಲ. ಅನುಬಂಧದಲ್ಲಿ ಆ ಎಣ್ಣೆಯ ಮೇಲೆ ಐದು ತಿಂಗಳ ಹಿಂದೆ ಸಲ್ಲಿಸಿದ್ದ ಪೇಟೆಂಟ್ ಅರ್ಜಿಯ ಪ್ರತಿ ಇತ್ತು. ಮಾರುಕಟ್ಟೆಯ ಆ ವಾಕ್ಯ ಕಂಡದ್ದು ಅಲ್ಲಿ. ಇಷ್ಟೊಂದು ಗಿಡಗಳಿರುವಾಗ ಇವೇ ಮೂರನ್ನು ಆರಿಸಿಕೊಂಡದ್ದು ಹೇಗೆ ಎಂದು ನಾನು ಸಹಜವಾಗಿ ಕೇಳಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಅವರ ತಾಯಿಯ ಕಾಲಿನ ಹುಣ್ಣು ಆಸ್ಪತ್ರೆಯಲ್ಲಿ ಮಾಯದೆ ಇದ್ದಾಗ ಕಾರ್ಕಳದ ಆಚೆ, ಘಟ್ಟದ ಬುಡದ ಒಂದು ಊರಿನ ಪಂಡಿತರ ಎಣ್ಣೆಯಿಂದ ಮಾಯಿತಂತೆ. ಆಮೇಲೆ ಅವರು ಹತ್ತಾರು ಬಾರಿ ಅಲ್ಲಿಗೆ ಹೋಗಿ, ಪಕ್ಕದಲ್ಲಿ ಕುಳಿತು, ಮಾಡುವ ಕ್ರಮ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದರು. ಪೇಟೆಂಟಿನ ವಿಷಯ ಹೇಳಿದ್ದೀರಾ ಎಂದಾಗ ಅವರು ಸ್ವಲ್ಪ ಹೊತ್ತು ಮೇಜನ್ನೇ ನೋಡುತ್ತಿದ್ದರು. "ಕಾಲೇಜಿನಲ್ಲಿ ಪರೀಕ್ಷೆ ಮಾಡುತ್ತೇನೆ ಎಂದು ಹೇಳಿದ್ದೆ ಸರ್. ಪೇಟೆಂಟ್ ಅಂದರೆ ಏನೆಂದು ಅವರಿಗೆ ಹೇಗೆ ಹೇಳುವುದು ಗೊತ್ತಾಗಲಿಲ್ಲ" ಎಂದರು.

ರೋಗಿಗೆ ಎರಡು ಭಾಷೆಯಲ್ಲಿ ಒಪ್ಪಿಗೆ ಪತ್ರ ಸಿದ್ಧವಾಗಿತ್ತು. ತಿಳಿವಳಿಕೆ ಕೊಟ್ಟವರಿಗೆ ಒಂದು ಸಾಲೂ ಇರಲಿಲ್ಲ.

ಕರಾವಳಿಯವರಿಗೆ 'ಪಂಡಿತರು' ಎಂಬ ಮಾತಿನ ಅರ್ಥ ಹೇಳಬೇಕಾಗಿಲ್ಲ. ಶಾಸ್ತ್ರ ಓದಿದವರಲ್ಲ, ಮದ್ದು ಬಲ್ಲವರು. ಎಂಬತ್ತು ದಾಟಿದ ಈ ಪಂಡಿತರು ಆಟಿ ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲೇ ಪಾಲೆ ಮರದ, ಅಂದರೆ ಸಪ್ತಪರ್ಣಿಯ, ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು ಸುತ್ತಲಿನ ಮನೆಗಳಿಗೆ ಹಂಚುತ್ತಾರೆ. ಪಾಲೆಯೆಂದು ಬಗೆದು ಕಾಸರಕದ ತೊಗಟೆ ಕುಡಿದು ಜೀವಕ್ಕೆ ಅಪಾಯ ತಂದುಕೊಂಡವರ ಸುದ್ದಿಯನ್ನು ನಮ್ಮ ಕಡೆ ಕೇಳಿದ್ದೇವೆ. ಆದ್ದರಿಂದ ಮರ ಗುರುತಿಸಬಲ್ಲವರ ಕೈಯಿಂದ ಬಂದ ತೊಗಟೆಗೆ ಬೆಲೆ. ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು, ಸೋಸಿ, ಕಾದ ಬೆಣಚುಕಲ್ಲು ಹಾಕಿದ ಆ ಕಹಿ ಕಷಾಯ, ಅದರ ಮೇಲೆ ತಂಪಿಗೆ ಉಣ್ಣುವ ಮೆಂತ್ಯೆಯ ಗಂಜಿ ಇವು ತುಳುನಾಡಿನಲ್ಲಿ ಮನೆಮನೆಗೂ ಗೊತ್ತು. ನಾಳೆ ಯಾರಾದರೂ ಪಾಲೆ ಕಷಾಯದ ಮೇಲೆ ಪೇಟೆಂಟ್ ಕೇಳಿದರೆ ಸಾಕ್ಷಿ ಹೇಳಲು ಲಕ್ಷಾಂತರ ಜನರಿದ್ದಾರೆ.

ಹುಣ್ಣಿನ ಎಣ್ಣೆಯ ಸ್ಥಿತಿ ಬೇರೆ. ಅದು ಊರಿನದಲ್ಲ, ಒಂದು ಮನೆಯದು. ಪಂಡಿತರಿಗೆ ಅವರ ತಾಯಿಯಿಂದ ಬಂತು, ತಾಯಿಗೆ ಅವರ ಸೋದರಮಾವನಿಂದ. ಈಗ ಮಗಳು ಕಲಿತಿದ್ದಾರೆ. ಸಮಿತಿಯ ಪರವಾಗಿ ನಾನು ಮತ್ತು ಅಧ್ಯಾಪಕರು ಹೋದ ದಿನ ಅವರು ಎಣ್ಣೆ ಕಾಯಿಸುತ್ತಿದ್ದರು. ಮಂದ ಉರಿಯಲ್ಲಿ ತೆಂಗಿನೆಣ್ಣೆ ಕುದಿಯುತ್ತಿತ್ತು. ನೊರೆ ಇಳಿಯುತ್ತಾ ಬಂದಾಗ ಮಗಳು ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಉರಿಗೆ ಹಿಡಿದರು. ಬತ್ತಿ ಚಟಪಟ ಎಂದಿತು. ಇನ್ನೂ ನೀರಿನಂಶವಿದೆ ಎಂದು ಮತ್ತೆ ಕಾಯಿಸಿದರು. ಮೂರನೆಯ ಸಲ ಬತ್ತಿ ಸದ್ದಿಲ್ಲದೆ ನೆಟ್ಟಗೆ ಉರಿದಾಗ ಪಾತ್ರೆಯನ್ನು ಇಳಿಸಿದರು. ವಿವರಣಾಪತ್ರದಲ್ಲಿ ಇದೇ ಹಂತ "ತೇವಾಂಶ ನಿವಾರಣೆಯಾಗುವವರೆಗೆ ಬಿಸಿ ಮಾಡುವುದು" ಎಂದಾಗಿತ್ತು. ಬತ್ತಿಯ ಪರೀಕ್ಷೆ ಆಯುರ್ವೇದದ ತೈಲಪಾಕದಲ್ಲಿಯೂ ಇದೆ, ಅದು ಈ ಮನೆಯದೇ ಅಲ್ಲ. ಆದರೆ ಯಾವ ಸೊಪ್ಪು, ಯಾವ ಪಾಲು, ಯಾವಾಗ ಎಂಬುದು ಈ ಮನೆಯದೇ.

ಕಾನೂನಿನ ವಿಚಾರಕ್ಕೆ ಬರುತ್ತೇನೆ. ಪೇಟೆಂಟ್ ಮತ್ತು ನೀತಿಯ ಮಾತು ಬಂದಾಗ ವಿದ್ಯಾರ್ಥಿಗಳು ಮೊದಲು ತೋರಿಸುವುದು 1970ರ ಪೇಟೆಂಟ್ ಕಾಯ್ದೆಯ ಕಲಂ 3(ಬಿ)ಯನ್ನು. ಸಾರ್ವಜನಿಕ ಸುವ್ಯವಸ್ಥೆಗೆ ಅಥವಾ ನೈತಿಕತೆಗೆ ವಿರುದ್ಧವಾಗಿ ಬಳಕೆಯಾಗಬಹುದಾದ, ಅಥವಾ ಮನುಷ್ಯ, ಪ್ರಾಣಿ, ಸಸ್ಯಗಳ ಜೀವಕ್ಕೆ, ಆರೋಗ್ಯಕ್ಕೆ, ಪರಿಸರಕ್ಕೆ ಗಂಭೀರ ಹಾನಿ ಮಾಡುವ ಆವಿಷ್ಕಾರಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ ಆ ಕಲಂ. ಈ ಪ್ರಕರಣದಲ್ಲಿ ಅದು ಏನೂ ಉಪಯೋಗಕ್ಕೆ ಬರುವುದಿಲ್ಲ. ಹುಣ್ಣು ಮಾಯಿಸುವ ಎಣ್ಣೆಯ ಬಳಕೆಯಲ್ಲಿ ಅನೈತಿಕವಾದದ್ದು ಏನಿದೆ? ಕಲಂ 3(ಬಿ) ವಸ್ತುವಿನ ಮುಂದಿನ ದಾರಿಯನ್ನು ನೋಡುತ್ತದೆ, ಅದು ಬಂದ ದಾರಿಯನ್ನು ನೋಡುವುದಿಲ್ಲ. ನಮ್ಮ ಪ್ರಶ್ನೆ ಇದ್ದದ್ದು ಬಂದ ದಾರಿಯಲ್ಲಿ.

ಬಂದ ದಾರಿಯನ್ನು ಕೇಳುವ ಕಲಂ ಇಲ್ಲವೆಂದಲ್ಲ. ಆವಿಷ್ಕಾರದಲ್ಲಿ ಜೈವಿಕ ವಸ್ತು ಬಳಕೆಯಾಗಿದ್ದರೆ ಅದರ ಮೂಲವನ್ನೂ ಭೌಗೋಳಿಕ ನೆಲೆಯನ್ನೂ ವಿವರಣಾಪತ್ರದಲ್ಲಿ ತಿಳಿಸಬೇಕೆಂದು ಕಲಂ 10(4) ಹೇಳುತ್ತದೆ. ತಿಳಿಸದಿದ್ದರೆ ಅಥವಾ ತಪ್ಪಾಗಿ ತಿಳಿಸಿದರೆ ಕಲಂ 25ರಡಿ ವಿರೋಧಿಸಬಹುದು. ಆದರೆ ಅದು ಕೇಳುವುದು ವಸ್ತುವಿನ ಮೂಲವನ್ನು. ಸೊಪ್ಪನ್ನು ಉಡುಪಿಯ ಪೇಟೆಯಲ್ಲಿ ಕೊಂಡದ್ದು ನಿಜ, ಹಾಗಾಗಿ ಅಧ್ಯಾಪಕರ ವಾಕ್ಯವೂ ನಿಜ. ಎಲೆ ಎಲ್ಲಿಂದ ಬಂತು ಎಂದು ಬರೆಯಲು ಅರ್ಜಿಯಲ್ಲಿ ಜಾಗವಿದೆ, ಆ ಎಲೆಯ ಬಗೆಗಿನ ಮಾತು ಯಾರ ಬಾಯಿಂದ ಬಂತು ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಈ ಕೊರತೆ ನಮ್ಮ ದೇಶದ್ದು ಮಾತ್ರವಲ್ಲ. 2024ರ ಮೇ 24ರಂದು ಜಿನೀವಾದಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸದಸ್ಯ ದೇಶಗಳು ಅಂಗೀಕರಿಸಿದ ಒಪ್ಪಂದ ಇದನ್ನೇ ತುಂಬಲು ಹೊರಟಿದೆ: ಆವಿಷ್ಕಾರವು ಆನುವಂಶಿಕ ಸಂಪನ್ಮೂಲದ (ಗಿಡ, ಪ್ರಾಣಿ ಮುಂತಾದ ಜೀವಿಗಳಿಂದ ದೊರೆಯುವ ಸಾಮಗ್ರಿಯ) ಜೊತೆಗಿನ ಪಾರಂಪರಿಕ ಜ್ಞಾನವನ್ನು ಆಧರಿಸಿದ್ದರೆ, ಅದನ್ನು ಕೊಟ್ಟ ಸಮುದಾಯವನ್ನು ಅರ್ಜಿದಾರರು ತಿಳಿಸಬೇಕು ಎನ್ನುತ್ತದೆ. ಅದು ಜಾರಿಗೆ ಬರಲು 15 ದೇಶಗಳು ಸ್ಥಿರೀಕರಿಸಬೇಕು.

ಕಲಂ 3(ಪಿ) ಇನ್ನೂ ಹತ್ತಿರಕ್ಕೆ ಬರುತ್ತದೆ. ಪರಿಣಾಮದಲ್ಲಿ ಪಾರಂಪರಿಕ ಜ್ಞಾನವೇ ಆಗಿರುವ, ಅಥವಾ ಪರಂಪರೆಯಿಂದ ತಿಳಿದ ಘಟಕಗಳ ತಿಳಿದ ಗುಣಗಳನ್ನು ಒಟ್ಟುಗೂಡಿಸಿದ ಆವಿಷ್ಕಾರಕ್ಕೆ ಪೇಟೆಂಟ್ ಇಲ್ಲ. ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿರುವ ತಿಳಿವಳಿಕೆಯೂ ವಿರೋಧಕ್ಕೆ ಆಧಾರವಾಗಬಲ್ಲದು ಎಂದು ಕಲಂ 25(1)(ಕೆ) ಒಪ್ಪುತ್ತದೆ. ಇದು ಉದಾರವಾದ ಕಲಂ, ಬರಹವಿಲ್ಲದವರ ಮಾತಿಗೂ ಬೆಲೆ ಕೊಟ್ಟ ಕಲಂ. ಆದರೆ ವಿರೋಧ ಸಲ್ಲಿಸುವವರು ಯಾರು? ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತವೆ; ಪ್ರಕಟವಾಗುವುದು ಇಂಗ್ಲಿಷಿನಲ್ಲಿ, ಅಂತರ್ಜಾಲದ ಪತ್ರಿಕೆಯಲ್ಲಿ. ಘಟ್ಟದ ಬುಡದ ಪಂಡಿತರು ಅದನ್ನು ನೋಡಿ ವಿರೋಧಿಸುತ್ತಾರೆಂದು ನಂಬುವುದು ಹೇಗೆ?

ಇತಿಹಾಸವೂ ಇದನ್ನೇ ತೋರಿಸುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ ಅಮೆರಿಕದಲ್ಲಿ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಸಿಕ್ಕಿದ ಪೇಟೆಂಟ್ 1997ರಲ್ಲಿ ರದ್ದಾದದ್ದು, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳ ಮತ್ತು ಲೇಖನಗಳ ಪುರಾವೆ ಮುಂದಿಟ್ಟದ್ದರಿಂದ. ಬೇವಿನ ಶಿಲೀಂಧ್ರನಾಶಕದ ಮೇಲಿನ ಯುರೋಪಿನ ಪೇಟೆಂಟನ್ನು 2000ದಲ್ಲಿ ರದ್ದುಮಾಡಲಾಯಿತು. ಮೇಲ್ಮನವಿ ಮುಗಿದದ್ದು 2005ರಲ್ಲಿ. ಇಂಥ ಪ್ರಕರಣಗಳ ಪರಿಣಾಮವಾಗಿ ಸಿದ್ಧವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವೂ ಮುಖ್ಯವಾಗಿ ಗ್ರಂಥಸ್ಥ ಜ್ಞಾನದ ಭಂಡಾರ. ಅರಿಶಿನಕ್ಕೆ ಗ್ರಂಥವಿತ್ತು, ಅದರ ಹಿಂದೆ ಸರ್ಕಾರದ ಸಂಸ್ಥೆ ನಿಂತಿತು. ಪಂಡಿತರ ಎಣ್ಣೆಗೆ ಗ್ರಂಥವಿಲ್ಲ. ಅಧ್ಯಾಪಕರ ಪೇಟೆಂಟ್ ಏಜೆಂಟ್ ಸಮಿತಿಗೆ ಬರೆದ ಉತ್ತರದಲ್ಲಿಯೂ ಇದೇ ವಾದವಿತ್ತು: ಹುಡುಕಿದ ಯಾವ ದಾಖಲೆಯಲ್ಲಿಯೂ ಈ ಸಂಯೋಜನೆ ಸಿಗದ ಕಾರಣ ಇದು ಹೊಸದು.

ಹೀಗೆ ಊರೆಲ್ಲ ಹಂಚಿಕೊಂಡ ಕಷಾಯ ಸುರಕ್ಷಿತವಾಗಿ ಉಳಿಯುತ್ತದೆ. ಮನೆಯವರು ಜೋಪಾನವಾಗಿ ಕಾಪಾಡಿದ ಎಣ್ಣೆ, ಕಾಪಾಡಿದ ಕಾರಣಕ್ಕಾಗಿಯೇ, ಕಾಗದದ ಮೇಲೆ ಹೊಸದಾಗಿ ಕಾಣುತ್ತದೆ. ಕಾನೂನು ಕಲಿಸುವವನಾಗಿ ನನ್ನನ್ನು ಹೆಚ್ಚು ಕಾಡಿದ್ದು ಇದು.

ಪಂಡಿತರ ಮುಂದೆ ವಿಷಯ ತೆರೆದಿಡುವುದು ಸುಲಭವಾಗಿರಲಿಲ್ಲ. ಸರ್ಕಾರ 20 ವರ್ಷದ ಮಟ್ಟಿಗೆ ಒಬ್ಬರಿಗೆ ಕೊಡುವ ಹಕ್ಕು, ಅದಕ್ಕೆ ಪ್ರತಿಯಾಗಿ ಅವರು ಮಾಡುವ ಕ್ರಮವನ್ನು ಲೋಕಕ್ಕೆ ಬರೆದುಕೊಡಬೇಕು ಎಂದು ತುಳುವಿನಲ್ಲಿ ವಿವರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ ಹಣದ್ದಾಗಿರಲಿಲ್ಲ. "ಮಾಷ್ಟ್ರೇ, ಆ ಹಕ್ಕು ಇವರಿಗೆ ಸಿಕ್ಕಿದರೆ ನಾನು ಕೊಡುವುದು ತಪ್ಪಾಗುತ್ತದೆಯೇ?"

ಇದಕ್ಕೆ ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರ ಉದ್ದವಾಯಿತು. ಕಲಂ 48ರ ಪ್ರಕಾರ ಪೇಟೆಂಟ್ ಪಡೆದವರು ಬೇರೆಯವರು ಆ ವಸ್ತುವನ್ನು ಮಾಡುವುದನ್ನು, ಬಳಸುವುದನ್ನು, ಮಾರುವುದನ್ನು ತಡೆಯಬಹುದು. ಹಣ ತೆಗೆದುಕೊಳ್ಳದೆ ಕೊಡುತ್ತೇನೆ ಎಂಬುದರಿಂದ ಮಾತ್ರ ಬಿಡುಗಡೆ ಸಿಗುವುದಿಲ್ಲ. ಪೇಟೆಂಟಿಗೆ ಮೊದಲೇ ಇದು ಬಳಕೆಯಲ್ಲಿತ್ತು ಎಂಬುದು ಅದನ್ನು ರದ್ದುಪಡಿಸಲು ಆಧಾರ, ಮತ್ತು ರದ್ದತಿಯ ಆಧಾರಗಳೆಲ್ಲ ದಾವೆಯಲ್ಲಿ ರಕ್ಷಣೆಯೂ ಆಗುತ್ತವೆ ಎಂದು ಕಲಂ 107 ಹೇಳುತ್ತದೆ. ಆದ್ದರಿಂದ ಅವರು ಗೆಲ್ಲಬಹುದು. ಆದರೆ ತಮ್ಮ ತಾಯಿಯ ಎಣ್ಣೆಯನ್ನು ತಾವು ಕೊಡಬಹುದು ಎಂದು ಸಾಧಿಸಲು ಎಂಬತ್ತು ದಾಟಿದವರು ವಕೀಲರನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಅಧ್ಯಾಪಕರು ತಕ್ಷಣ, "ಅಜ್ಜಾ, ನಾನು ನಿಮ್ಮ ಮೇಲೆ ಯಾವತ್ತೂ ಕೇಸು ಹಾಕುವುದಿಲ್ಲ" ಎಂದರು. ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಅರ್ಜಿದಾರ ಕಾಲೇಜು, ಹಕ್ಕು ನಾಳೆ ಕಂಪನಿಯೊಂದಕ್ಕೆ ವರ್ಗವಾಗಬಹುದು. ಒಳ್ಳೆಯ ಮನಸ್ಸು ವರ್ಗಾವಣೆ ಪತ್ರದಲ್ಲಿ ಹೋಗುವುದಿಲ್ಲ.

ಲಾಭದ ಪಾಲಿನ ಮಾತು ಎತ್ತಿದಾಗ ಪಂಡಿತರು ಕೈ ಅಡ್ಡಮಾಡಿದರು. ಮದ್ದಿಗೆ ಹಣ ತೆಗೆದುಕೊಂಡರೆ ಕೈಗುಣ ಹೋಗುತ್ತದೆ ಎಂಬುದು ಅವರ ಮನೆಯ ನಡೆ. ಬಂದವರು ವೀಳ್ಯದೆಲೆ ಅಡಿಕೆ ಇಟ್ಟು ಹೋಗುತ್ತಾರೆ, ಅಷ್ಟೇ. ನಮ್ಮ ಜೀವವೈವಿಧ್ಯ ಕಾಯ್ದೆ ನ್ಯಾಯಯುತ ಪಾಲು ಹಂಚಿಕೆಯನ್ನು ಉದ್ದೇಶವಾಗಿಟ್ಟುಕೊಂಡಿದೆ. 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ, ಭಾರತೀಯ ಅರ್ಜಿದಾರರು ಪೇಟೆಂಟ್ ಸಿಗುವ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು, ವಾಣಿಜ್ಯಕ್ಕೆ ಇಳಿಯುವಾಗ ಅನುಮತಿ ಪಡೆಯಬೇಕು. ಈ ವ್ಯವಸ್ಥೆ ಪಾಲು ಕೊಡಿಸಬಲ್ಲದು. ಪಾಲೇ ಬೇಡ ಎನ್ನುವವರಿಗೆ ಏನು ಕೊಡಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಕೇರಳದ ಕಾಣಿ ಬುಡಕಟ್ಟಿನ ಪ್ರಕರಣವನ್ನು ಪಾಲು ಹಂಚಿಕೆಯ ಮಾದರಿಯೆಂದು ಎಲ್ಲೆಡೆ ಕಲಿಸುತ್ತೇವೆ: ಆರೋಗ್ಯಪಚ್ಚ ಎಂಬ ಗಿಡದಿಂದ ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ 'ಜೀವನಿ' ಮದ್ದು ರೂಪಿಸಿ, ಪರವಾನಗಿ ಶುಲ್ಕದ ಮತ್ತು ರಾಯಧನದ ಅರ್ಧವನ್ನು ಕಾಣಿಗಳಿಗೆ ಮೀಸಲಿಟ್ಟಿತು, 1997ರಲ್ಲಿ ಅವರ ಟ್ರಸ್ಟ್ ನೋಂದಣಿಯಾಯಿತು. ಆದರೆ ಅಲ್ಲಿಯೂ ಕಾಣಿಗಳ ವೈದ್ಯರಾದ ಪ್ಲಾತಿಗಳಲ್ಲಿ ಕೆಲವರು, ಈ ಜ್ಞಾನವನ್ನು ಹೊರಗೆ ಮಾರಬಾರದಿತ್ತು ಎಂದು ಆಕ್ಷೇಪಿಸಿದ್ದರು. ಆ ಆಕ್ಷೇಪವನ್ನು ನಾನು ತರಗತಿಯಲ್ಲಿ ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದೆ. ಪಂಡಿತರ ಜಗಲಿಯಲ್ಲಿ ಕುಳಿತ ಮೇಲೆ ಹಾಗೆ ಮುಗಿಸಲು ಮನಸ್ಸು ಬರುತ್ತಿಲ್ಲ.

ಇನ್ನೊಂದು ಬದಿಯನ್ನೂ ಹೇಳಲೇಬೇಕು, ಏಕೆಂದರೆ ಸಮಿತಿಯಲ್ಲಿ ಅತಿ ಹೆಚ್ಚು ಹೊತ್ತು ಚರ್ಚೆಯಾದದ್ದು ಅದೇ. ನಮ್ಮಲ್ಲಿದ್ದ ಶಸ್ತ್ರವೈದ್ಯೆಯೊಬ್ಬರು, ಸಕ್ಕರೆ ಕಾಯಿಲೆಯ ಹುಣ್ಣಿನಿಂದ ಕಾಲು ಕತ್ತರಿಸಿಕೊಂಡವರನ್ನು ತಾವು ಪ್ರತಿ ತಿಂಗಳೂ ನೋಡುತ್ತೇವೆ, ಈ ಎಣ್ಣೆ ನಿಜಕ್ಕೂ ಕೆಲಸ ಮಾಡುವುದಾದರೆ ಅದು ಒಂದು ಮನೆಯೊಳಗೆ ಉಳಿಯುವುದು ನ್ಯಾಯವೇ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಗುಟ್ಟು ಗುಟ್ಟಾಗಿಯೇ ಸಾಯಬಾರದು, ಬರೆದು ಕೊಟ್ಟವರಿಗೆ ಕೆಲವು ವರ್ಷ ಹಕ್ಕು ಕೊಡೋಣ ಎಂಬುದೇ ಪೇಟೆಂಟ್ ಪದ್ಧತಿಯ ನೈತಿಕ ಆಧಾರ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಒಪ್ಪಂದದಲ್ಲಿ ಗುಟ್ಟು ಬಿಟ್ಟುಕೊಡುವವರೂ ಹಕ್ಕು ಪಡೆಯುವವರೂ ಒಬ್ಬರೇ ಎಂದು ಕಾನೂನು ಭಾವಿಸಿದೆ. ಇಲ್ಲಿ ಬಿಟ್ಟುಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಪಂಡಿತರನ್ನೇ ಆವಿಷ್ಕಾರಕರೆಂದು ಹೆಸರಿಸೋಣ ಎಂದರೆ ಅವರು ಒಪ್ಪಲಿಲ್ಲ. "ನಾನು ಮಾಡಿದ್ದಲ್ಲ, ನನಗೆ ಬಂದದ್ದು" ಎಂದರು. ಅರ್ಜಿಗೆ ನಿಜವಾದ ಮತ್ತು ಮೊದಲ ಆವಿಷ್ಕಾರಕ ಬೇಕು. ಬಂದದ್ದನ್ನು ಮುಂದಕ್ಕೆ ದಾಟಿಸಿದವರಿಗೆ ಅಲ್ಲಿ ಹೆಸರಿಲ್ಲ.

ದಾಖಲಿಸಿಬಿಟ್ಟರೆ ಯಾರೂ ಪೇಟೆಂಟ್ ಪಡೆಯಲಾಗದು, ಊರಿನ ಗಿಡ, ಪ್ರಾಣಿಗಳನ್ನೂ ಅವುಗಳ ಬಗೆಗಿನ ತಿಳಿವಳಿಕೆಯನ್ನೂ ಬರೆದಿಡುವ ಗ್ರಾಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸೋಣ ಎಂಬುದು ನನ್ನದೇ ಸಲಹೆಯಾಗಿತ್ತು. ಮಗಳು ಅದನ್ನು ನಿರಾಕರಿಸಿದರು. ಬರೆದದ್ದನ್ನು ಓದಿ ಅರೆಬರೆ ಮಾಡಿ ಹುಣ್ಣಿಗೆ ಹಚ್ಚಿದರೆ ಕಾಲು ಹೋದೀತು, ಯಾರು ಹೊಣೆ ಎಂದು ಕೇಳಿದರು. ಕಾಸರಕದ ತೊಗಟೆಯ ಕಥೆ ಗೊತ್ತಿರುವ ಊರಿನಲ್ಲಿ ಅದು ತೆಗೆದುಹಾಕುವ ಮಾತಲ್ಲ.

ಪೇಟೆಂಟ್ ಅರ್ಜಿಯನ್ನು ಮುಂದುವರಿಸದಿರಲು ಕಾಲೇಜಿನ ಆಡಳಿತ ಒಪ್ಪುವುದಕ್ಕೆ ಸಮಯ ಹಿಡಿಯಿತು. ಸಂಸ್ಥೆಗಳ ಶ್ರೇಣಿ ನಿರ್ಧರಿಸುವಾಗ ಪೇಟೆಂಟುಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ, ಆ ಒತ್ತಡ ಅಧ್ಯಾಪಕರ ಮೇಲೆ ಎಷ್ಟಿತ್ತು ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕೊನೆಗೆ ಪ್ರಯೋಗದ ಪ್ರಸ್ತಾವವನ್ನು ಅವರೇ ಹಿಂತೆಗೆದುಕೊಂಡು ಬೇರೊಂದನ್ನು ತಂದರು: ಪಂಡಿತರ ಬಳಿಗೆ ತಾವಾಗಿಯೇ ಬರುವವರ ಹುಣ್ಣು ವಾರವಾರ ಹೇಗೆ ಬದಲಾಗುತ್ತದೆ ಎಂದು, ಅವರ ಮತ್ತು ಪಂಡಿತರ ಒಪ್ಪಿಗೆಯಿಂದ, ಅಳೆದು ದಾಖಲಿಸುವುದು ಮಾತ್ರ. ಪ್ರತಿಯೊಬ್ಬರ ಸಕ್ಕರೆಯ ಪ್ರಮಾಣ ನೋಡಬೇಕು, ಕೀವು ಏರಿದವರನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು ಎಂಬ ಷರತ್ತನ್ನು ಶಸ್ತ್ರವೈದ್ಯೆ ಹಾಕಿದರು. ಪಂಡಿತರ ಒಪ್ಪಿಗೆ ಪತ್ರವನ್ನು ಈ ಸಲ ಅಧ್ಯಾಪಕರೇ ತುಳುವಿನಲ್ಲಿ ಬರೆದು, ಓದಿ ಹೇಳಿ, ಬೇಡವೆನಿಸಿದ ದಿನ ನಿಲ್ಲಿಸುತ್ತೇನೆ ಎಂದು ಸೇರಿಸಿದರು.

ಪೇಟೆಂಟ್ ಅರ್ಜಿಯ ಮಟ್ಟಿಗೆ ಕಾನೂನೇ ಒಂದು ಬಾಗಿಲು ತೆರೆದಿಟ್ಟಿತ್ತು. ತಾತ್ಕಾಲಿಕ ವಿವರಣಾಪತ್ರ ಸಲ್ಲಿಸಿದ 12 ತಿಂಗಳೊಳಗೆ ಪೂರ್ಣ ವಿವರಣಾಪತ್ರ ಸಲ್ಲಿಸದಿದ್ದರೆ ಕಲಂ 9ರ ಪ್ರಕಾರ ಅರ್ಜಿಯನ್ನು ಕೈಬಿಟ್ಟಂತೆ. ಹಾಗೆ ಕೈಬಿಟ್ಟ ಅರ್ಜಿಯನ್ನು ಕಲಂ 11ಎ ಪ್ರಕಾರ ಪ್ರಕಟಿಸುವುದಿಲ್ಲ. ಅಂದರೆ ಮಾತು ಹೊರಗೆ ಬೀಳದೆ ಮನೆಗೆ ಮರಳಬಹುದಿತ್ತು. ಆಗಸ್ಟಿನಲ್ಲಿ ಗಡುವು ಮುಗಿಯುವ ವಾರ ಏಜೆಂಟರಿಂದ ಎರಡು ಬಾರಿ ನೆನಪೋಲೆ ಬಂತು. ಕಾಲೇಜು ಸಲ್ಲಿಸಲಿಲ್ಲ.

ಗಡುವು ಕಳೆದ ಮೇಲೆ ವಿವರಣಾಪತ್ರದ ಮೂರು ಪ್ರತಿಗಳನ್ನು, ಅಧ್ಯಾಪಕರ ಟಿಪ್ಪಣಿ ಪುಸ್ತಕದ ಜೊತೆಗೆ, ಹಿಂದಿರುಗಿಸಲು ಹೋದೆವು. ಪಂಡಿತರ ಮಗಳು ಪ್ರತಿಗಳನ್ನು ಎಣಿಸಿ ತೆಗೆದುಕೊಂಡು, ಎಣ್ಣೆ ಮಾಡುವ ಕ್ರಮವಿದ್ದ ಪುಟವನ್ನು ಕನ್ನಡದಲ್ಲಿ ಓದಿಹೇಳಲು ಅಧ್ಯಾಪಕರನ್ನು ಕೇಳಿದರು. ಎರಡನೆಯ ಸೊಪ್ಪಿನ ರಸ ಸೇರಿಸುವ ಹಂತಕ್ಕೆ ಬಂದಾಗ ತಡೆದು, ಅದು ಪಾತ್ರೆ ಉರಿಯಿಂದ ಇಳಿಸಿ ತಣಿದ ಮೇಲೆ, ಕುದಿಯುವಾಗ ಅಲ್ಲ ಎಂದರು. ಅಧ್ಯಾಪಕರು ಅಭ್ಯಾಸಬಲದಿಂದ ತಿದ್ದಿಕೊಳ್ಳಲು ಜೇಬಿನ ಪೆನ್ನಿಗೆ ಕೈ ಹಾಕಿದವರು, ಬರೆಯಬಹುದೇ ಎಂದು ಮೊದಲು ಕೇಳಿದರು. ಅವರು ತಂದೆಯ ಮುಖ ನೋಡಿದರು, ಆಮೇಲೆ ಬೇಡ ಎಂದರು.